4×5ರಲ್ಲಿ ಭಾವಚಿತ್ರಕ್ಕೆ ಲೆನ್ಸ್: 210, 240, 300ರಲ್ಲಿ ಯಾವುದು? ಹೊಸದೋ ಹಳೆಯದೋ?

ಕಪ್ಪುಪರದೆ

ಕ್ಯಾಮೆರಾ 4×5 ಫೀಲ್ಡ್, ಅಂದ್ರೆ 4×5 ಇಂಚಿನ ಶೀಟ್ ಫಿಲಂ ಹಾಕುವ ಮಡಚುವ ಕ್ಯಾಮೆರಾ. ಬೆಲ್ಲೋಸ್ (ಲೆನ್ಸಿಗೂ ಫಿಲಂಗೂ ನಡುವಿನ ಮಡಿಕೆ ಚೀಲ) ಪೂರ್ತಿ ಎಳೆದರೆ 300 ಮಿ.ಮೀ. ಸದ್ಯಕ್ಕೆ ಇರೋದು 150 ಮಿ.ಮೀ. ಎಫ್/5.6 ಒಂದೇ ಲೆನ್ಸ್. ಎದೆಯಿಂದ ಮೇಲಿನ ಚಿತ್ರ, ಬರೀ ಮುಖದ ಚಿತ್ರ, ಎರಡಕ್ಕೂ ಒದಗುವ ಇನ್ನೊಂದು ಲೆನ್ಸ್ ಬೇಕು. ಕಪ್ಪು-ಬಿಳುಪು ಫಿಲಂ, ಹೆಚ್ಚಾಗಿ ಕಿಟಕಿ ಬೆಳಕು, ಆಗಾಗ ಫ್ಲಾಶ್. 210, 240, 300 ಮೂರೂ ಕೇಳಿಬರುತ್ತವೆ. ಮುಖಕ್ಕೆ ಹೀಲಿಯಾರ್, ಟೆಸ್ಸಾರ್ ಥರದ ಹಳೆಯ ಲೆನ್ಸ್‌ಗಳೇ ಚೆಂದ ಅಂತಲೂ ಹೇಳ್ತಾರೆ. ಎಲ್ಲಿಂದ ಶುರು ಮಾಡಿ ಯೋಚಿಸಬೇಕು?

ಗಾಜುಹಲಗೆ

ಲೆನ್ಸಿನ ಹೆಸರನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಎರಡು ಅಳತೆ ನೋಡಿ: ಕೂತವರಿಂದ ಕ್ಯಾಮೆರಾ ಎಷ್ಟು ದೂರ ನಿಲ್ಲುತ್ತೆ, ಆ ದೂರದಲ್ಲಿ ಫೋಕಸ್ ಆಗೋಕೆ ಬೆಲ್ಲೋಸ್ ಎಷ್ಟು ಬೇಕು.

ಮುಖದ ಆಕಾರವನ್ನು ತೀರ್ಮಾನಿಸೋದು ದೂರ. ಫೋಕಲ್ ಲೆಂತ್ ಆ ದೂರಕ್ಕೆ ನಿಮ್ಮನ್ನು ತಳ್ಳುತ್ತೆ ಅಷ್ಟೆ. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂ.ಮೀ. ಅಂತರ ಅಂದುಕೊಳ್ಳಿ. ಮೂಗು ಲೆನ್ಸಿನಿಂದ 50 ಸೆಂ.ಮೀ. ದೂರದಲ್ಲಿದ್ದರೆ ಕಿವಿ 62ರಲ್ಲಿರುತ್ತೆ. ಮೂಗು ಕಿವಿಗಿಂತ ಸುಮಾರು ಕಾಲುಭಾಗ ಹಿಗ್ಗಿ ಬೀಳುತ್ತೆ. ಒಂದು ಮೀಟರಿಗೆ ಹಿಂದೆ ಸರಿದರೆ ಆ ಹಿಗ್ಗು 12% ಆಗುತ್ತೆ. ಒಂದೂಕಾಲು ಮೀಟರ್ ದಾಟಿದ ಮೇಲೆ ಸಾಮಾನ್ಯವಾಗಿ ಯಾರ ಕಣ್ಣಿಗೂ ಅದು ಚುಚ್ಚೋದಿಲ್ಲ.

4×5 ಶೀಟನ್ನು ಉದ್ದಕ್ಕೆ ನಿಲ್ಲಿಸಿದಾಗ ಚಿತ್ರದ ಎತ್ತರ ಸುಮಾರು 120 ಮಿ.ಮೀ. ತಲೆಯಿಂದ ಎದೆವರೆಗೆ 60 ಸೆಂ.ಮೀ. ಅದರಲ್ಲಿ ಕೂರಬೇಕಾದರೆ ಮ್ಯಾಗ್ನಿಫಿಕೇಶನ್ (ಫಿಲಂ ಮೇಲಿನ ಅಳತೆ ÷ ನಿಜವಾದ ಅಳತೆ) 0.2. ಬರೀ ಮುಖ, ಅಂದ್ರೆ 30 ಸೆಂ.ಮೀ., ಆದರೆ 0.4. ಸೂತ್ರ ಎರಡೇ:

ದೂರ = ಫೋಕಲ್ ಲೆಂತ್ × (1 + 1/ಮ್ಯಾಗ್ನಿಫಿಕೇಶನ್)
ಬೆಲ್ಲೋಸ್ = ಫೋಕಲ್ ಲೆಂತ್ × (1 + ಮ್ಯಾಗ್ನಿಫಿಕೇಶನ್)

ಎದೆಮಟ್ಟದ ಚಿತ್ರಕ್ಕೆ 150 ಲೆನ್ಸ್ 90 ಸೆಂ.ಮೀ. ದೂರ ಕೇಳುತ್ತೆ, 210 ಲೆನ್ಸ್ 1.26 ಮೀ., 300 ಲೆನ್ಸ್ 1.8 ಮೀ. ಬರೀ ಮುಖಕ್ಕೆ ಇವು ಕ್ರಮವಾಗಿ 52 ಸೆಂ.ಮೀ., 73 ಸೆಂ.ಮೀ., 1.05 ಮೀ. ಆಗುತ್ತವೆ. ನಿಮ್ಮ 150ರಲ್ಲಿ ಮುಖ ಯಾಕೆ ಉಬ್ಬುತ್ತೆ ಅನ್ನೋದು ಇಲ್ಲೇ ಗೊತ್ತಾಗುತ್ತೆ.

ಈಗ ಬೆಲ್ಲೋಸ್. 210ಕ್ಕೆ ಎದೆಮಟ್ಟದಲ್ಲಿ 252 ಮಿ.ಮೀ., ಬರೀ ಮುಖಕ್ಕೆ 294 ಮಿ.ಮೀ. ನಿಮ್ಮ 300ರೊಳಗೆ ಕಷ್ಟಪಟ್ಟು ಹಿಡಿಸುತ್ತೆ. 240ಕ್ಕೆ ಉಳಿಯೋದು 60 ಮಿ.ಮೀ., ಅಂದ್ರೆ ಗರಿಷ್ಠ ಮ್ಯಾಗ್ನಿಫಿಕೇಶನ್ 0.25, ಚೌಕಟ್ಟಿನಲ್ಲಿ 48 ಸೆಂ.ಮೀ. ಎತ್ತರಕ್ಕಿಂತ ಬಿಗಿಯಾಗಿ ತೆಗೆಯೋಕೆ ಆಗಲ್ಲ. 10 ಇಂಚಿನ, ಅಂದ್ರೆ 254ರ ಲೆನ್ಸ್ ಹಾಕಿದರೆ 0.18ಕ್ಕೇ ನಿಲ್ಲುತ್ತೆ, 66 ಸೆಂ.ಮೀ. ಮಾಮೂಲಿ ವಿನ್ಯಾಸದ 300 ಹಾಕಿದರೆ ಅನಂತಕ್ಕೆ ಫೋಕಸ್ ಆಗುತ್ತೆ, ಎದುರಿಗೆ ಕೂತವರಿಗೆ ಆಗಲ್ಲ. ಬೆಲ್ಲೋಸ್ ಗಿಡ್ಡ ಇರುವ ಕ್ಯಾಮೆರಾದಲ್ಲಿ ಲೆನ್ಸ್ ಉದ್ದ ಆದಷ್ಟೂ ಚೌಕಟ್ಟು ಸಡಿಲವಾಗುತ್ತೆ. ಖರೀದಿಸಿದ ಮೇಲೆ ಇದು ತಿಳಿದರೆ ಬಹಳ ಬೇಜಾರು.

ಹತ್ತುಎಂಟು

ಮೇಲಿನ ಲೆಕ್ಕಕ್ಕೆ ಹೊಂದುವ ಹಳೆಯ ಸ್ಟುಡಿಯೋ ಸೂತ್ರ ಒಂದಿದೆ. ಫಿಲಂನ ಎರಡು ಬದಿ ಕೂಡಿಸಿ, ಬಂದದ್ದೇ ಭಾವಚಿತ್ರಕ್ಕೆ ಒಪ್ಪುವ ಫೋಕಲ್ ಲೆಂತ್. 4+5 = 9 ಇಂಚು, ಸುಮಾರು 229 ಮಿ.ಮೀ. 8+10 = 18 ಇಂಚು, ಸುಮಾರು 457 ಮಿ.ಮೀ.

8×10ರಲ್ಲಿ ಮಾತ್ರ ಈ ಸೂತ್ರವನ್ನು ಸ್ವಲ್ಪ ಇಳಿಸಿಕೊಳ್ಳುವುದು ವಾಸಿ. 360 ಮಿ.ಮೀ. ಹಾಕಿ 60 ಸೆಂ.ಮೀ. ಎತ್ತರ ತುಂಬಿಸಿದರೆ ಮ್ಯಾಗ್ನಿಫಿಕೇಶನ್ 0.41. ದೂರ 1.24 ಮೀ., ಬೆಲ್ಲೋಸ್ 508 ಮಿ.ಮೀ., ಬೆಲ್ಲೋಸ್ ಎಳೆದದ್ದರಿಂದ ಬೆಳಕಿನ ನಷ್ಟ ಒಂದು ಸ್ಟಾಪ್, ಅಂದರೆ ಅರ್ಧ ಬೆಳಕು. 450 ಹಾಕಿದರೆ ಬೆಲ್ಲೋಸ್ 635 ಮಿ.ಮೀ.ಗೆ ಹೋಗುತ್ತದೆ. ಅಷ್ಟು ಎಳೆದಾಗ ಮುಂಭಾಗ ಅಲುಗಾಡದೆ ನಿಲ್ಲಬೇಕಾದರೆ ಭಾರವಾದ ಸ್ಟುಡಿಯೋ ಸ್ಟ್ಯಾಂಡೇ ಬೇಕು. ಹೆಸರಾಂತ ಭಾವಚಿತ್ರಕಾರ ಯೂಸುಫ್ ಕಾರ್ಶ್ 8×10ರಲ್ಲಿ ಬಳಸಿದ್ದು 14 ಇಂಚಿನ ಕಮರ್ಷಿಯಲ್ ಎಕ್ಟಾರ್, ಅದೂ 355 ಮಿ.ಮೀ. ಆಸುಪಾಸಿನದೇ.

ಕಪ್ಪುಪರದೆ

ಹಾಗಾದ್ರೆ 300 ಕೈಬಿಟ್ಟೆ. ಟೆಲಿ ಲೆನ್ಸ್ ಆದರೆ ಬೆಲ್ಲೋಸ್ ಕಡಿಮೆ ಸಾಕಲ್ವಾ? 73 ಸೆಂ.ಮೀ. ಹತ್ತಿರ ಅನ್ನಿಸ್ತಿದೆ.

ಗಾಜುಹಲಗೆ

ಸಾಕು, ಆದರೆ ಪೂರ್ತಿ ಉಳಿತಾಯ ಆಗಲ್ಲ. ಟೆಲಿ ವಿನ್ಯಾಸ ಉಳಿಸೋದು ಅನಂತಕ್ಕೆ ಬೇಕಾದ ಬೆಲ್ಲೋಸನ್ನು ಮಾತ್ರ. ಹತ್ತಿರಕ್ಕೆ ಬಂದಾಗ ಹೆಚ್ಚುವರಿ ಎಳೆತ ಫೋಕಲ್ ಲೆಂತ್ × ಮ್ಯಾಗ್ನಿಫಿಕೇಶನ್ ಇದ್ದೇ ಇರುತ್ತೆ. 270 ಟೆಲಿಗೆ 0.4ರಲ್ಲಿ ಅದು 108 ಮಿ.ಮೀ. ಕೊಳ್ಳುವ ಲೆನ್ಸಿನ ಫ್ಲ್ಯಾಂಜ್ ದೂರಕ್ಕೆ (ಅನಂತಕ್ಕೆ ಫೋಕಸ್ ಆದಾಗ ಲೆನ್ಸ್ ಬೋರ್ಡಿನಿಂದ ಫಿಲಂವರೆಗಿನ ದೂರ) ಈ 108 ಕೂಡಿಸಿ, ನಿಮ್ಮ 300ರೊಳಗೆ ಬರುತ್ತಾ ನೋಡಿ. ನಿಕ್ಕರ್-ಟಿ 270 ಎಫ್/6.3, ಟೆಲಿ-ಕ್ಸೆನಾರ್ 270 ಎಫ್/5.5 ಈ ಕೆಲಸಕ್ಕೆ ಯೋಗ್ಯ.

ತೊಡಕು ಎರಡು. ಸ್ವಿಂಗ್ ಮಾಡಿದಾಗ, ಅಂದ್ರೆ ಲೆನ್ಸ್ ಬೋರ್ಡನ್ನು ಎಡಕ್ಕೋ ಬಲಕ್ಕೋ ತಿರುಗಿಸಿದಾಗ, ಚಿತ್ರ ಹಿಂದಿನ ಫೋಕಸ್ ಗಾಜಿನ (ಗ್ರೌಂಡ್ ಗ್ಲಾಸ್) ಮೇಲೆ ಪಕ್ಕಕ್ಕೆ ಓಡುತ್ತೆ, ಯಾಕಂದ್ರೆ ಟೆಲಿಯ ನೋಡಲ್ ಬಿಂದು (ಫೋಕಲ್ ಲೆಂತ್ ಅಳೆಯೋಕೆ ಶುರು ಮಾಡುವ ಜಾಗ) ಲೆನ್ಸ್ ಬೋರ್ಡಿಗಿಂತ ಮುಂದಿರುತ್ತೆ. ಬೆಲ್ಲೋಸ್ ಅಳೆದು ಬೆಳಕಿನ ನಷ್ಟ ಲೆಕ್ಕ ಹಾಕುವ ಮಾಮೂಲಿ ವಿಧಾನವೂ ಅದಕ್ಕೆ ಕೂಡಿಬರಲ್ಲ. ಒಂದೆರಡು ಶೀಟ್ ಪರೀಕ್ಷೆಗೆ ಮೀಸಲಿಡಬೇಕು.

ಇನ್ನೊಂದು ದಾರಿ ಟೋಪಿಯ ಹಾಗೆ ಮುಂದಕ್ಕೆ ಚಾಚಿದ ಲೆನ್ಸ್ ಬೋರ್ಡ್. ಅದು 40–60 ಮಿ.ಮೀ. ಕೂಡಿಸುತ್ತೆ. ಭಾರದ ಶಟರ್ ಅದರ ತುದಿಯಲ್ಲಿ ಕೂತರೆ ಮುಂದಿನ ಸ್ಟ್ಯಾಂಡರ್ಡ್ (ಲೆನ್ಸ್ ಹಿಡಿದಿರುವ ಚೌಕಟ್ಟು) ಬಾಗುತ್ತೆ, ಹಗುರ ಲೆನ್ಸಿಗೆ ಮಾತ್ರ ಒಪ್ಪುತ್ತೆ. ನಿಕ್ಕರ್-ಎಂ 300 ಎಫ್/9, ಫ್ಯೂಜಿನಾನ್-ಸಿ 300 ಎಫ್/8.5 ಎರಡೂ ಕೋಪಾಲ್ 1 ಅಳತೆಯ ಶಟರ್‌ನಲ್ಲಿ ಬರುವ ಸಣ್ಣ ಲೆನ್ಸ್‌ಗಳು. ಆದರೆ ಕಿಟಕಿ ಬೆಳಕಲ್ಲಿ ಎಫ್/9ರಲ್ಲಿ ಗಾಜು ನೋಡೋದು ಕಣ್ಣಿಗೆ ಶಿಕ್ಷೆ.

ನನ್ನ ಅಭಿಪ್ರಾಯಕ್ಕೆ ನಿಮಗೆ ಸರಿಹೊಂದುವುದು 210. ಬಿಗಿ ಮುಖ ಬೇಕಾದಾಗ 1.05 ಮೀ. ದೂರದಿಂದ 0.25ರಲ್ಲಿ ತೆಗೆದು, ಪ್ರಿಂಟ್ ಮಾಡುವಾಗ ಕ್ರಾಪ್ ಮಾಡಿ. 30 ಸೆಂ.ಮೀ. ಎತ್ತರದ ಮುಖಕ್ಕೆ ಆಗಲೂ 60×75 ಮಿ.ಮೀ. ನೆಗೆಟಿವ್ ಉಳಿಯುತ್ತೆ. 6×7 ಫಿಲಂಗಿಂತ ದೊಡ್ಡದು!

ಶಟರ್‌ಗಿಯರ್

240 ಬಗ್ಗೆ ಒಂದು ಮಾತು ಸೇರಿಸ್ತೀನಿ. 240 ಎಫ್/5.6 ಪ್ಲಾಸ್ಮಾಟ್‌ಗಳು, ಅಂದ್ರೆ ಸಿಮ್ಮಾರ್-ಎಸ್, ನಿಕ್ಕರ್-ಡಬ್ಲ್ಯೂ ಥರದವು, ಕೋಪಾಲ್ 3ರಲ್ಲಿ ಬರುತ್ತವೆ. ಬೋರ್ಡಿನ ತೂತು 65 ಮಿ.ಮೀ., ತೂಕ ಬಹಳ, ಗರಿಷ್ಠ ವೇಗ 1/125. 210 ಎಫ್/5.6 ಕೋಪಾಲ್ 1ರಲ್ಲಿ: ತೂತು 41.6 ಮಿ.ಮೀ., ವೇಗ 1/400ರವರೆಗೆ. ಹೊರಗಿನ ನೆರಳಲ್ಲಿ ಐಎಸ್‌ಒ 400 ಫಿಲಂ ಹಾಕಿ ಎಫ್/5.6ರಲ್ಲಿ ತೆಗೆಯಬೇಕಾದರೆ ಬೆಲ್ಲೋಸ್ ನಷ್ಟ ಕಳೆದೂ ಸುಮಾರು 1/350 ಬೇಕಾಗುತ್ತೆ. ಕೋಪಾಲ್ 3ರಲ್ಲಿ ಆಗ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಬೇಕು, ಇಲ್ಲಾ ಎಫ್‌ಪಿ4 ಥರದ ನಿಧಾನದ ಫಿಲಂಗೆ ಇಳಿಯಬೇಕು.

ಸಿಲ್ವರ್_ಹಾಲೈಡ್

ಇನ್ನು ವಿನ್ಯಾಸದ ವಿಷಯ. ಹೀಲಿಯಾರ್ 1900ರದ್ದು, ಹ್ಯಾನ್ಸ್ ಹಾರ್ಟಿಂಗ್ ಫೋಗ್ಟ್‌ಲ್ಯಾಂಡರ್‌ಗಾಗಿ ಮಾಡಿದ್ದು, ಮೂರು ಗುಂಪಿನಲ್ಲಿ ಐದು ಗಾಜು. ಟೆಸ್ಸಾರ್ 1902ರದ್ದು, ಝೈಸ್‌ನ ಪೌಲ್ ರುಡಾಲ್ಫ್ ಅವರದ್ದು, ಮೂರು ಗುಂಪಿನಲ್ಲಿ ನಾಲ್ಕು ಗಾಜು. ಕಮರ್ಷಿಯಲ್ ಎಕ್ಟಾರ್, ಕ್ಸೆನಾರ್ ಇವೆಲ್ಲ ಟೆಸ್ಸಾರ್ ಮನೆತನದವು. ಈಚಿನ ಸಿಮ್ಮಾರ್-ಎಸ್, ಸಿರೋನಾರ್-ಎನ್, ಫ್ಯೂಜಿನಾನ್-ಡಬ್ಲ್ಯೂ ಪ್ಲಾಸ್ಮಾಟ್‌ಗಳು: ನಾಲ್ಕು ಗುಂಪಿನಲ್ಲಿ ಆರು ಗಾಜು.

ಪ್ಲಾಸ್ಮಾಟ್‌ನ ಹೆಚ್ಚುಗಾರಿಕೆ ಅಗಲವಾದ ಇಮೇಜ್ ಸರ್ಕಲ್, ಅಂದರೆ ಲೆನ್ಸ್ ಹಿಂದೆ ಬೀಳಿಸುವ ಚಿತ್ರದ ವೃತ್ತ. ಕಟ್ಟಡ ತೆಗೆಯೋರಿಗೆ ಅದು ಪ್ರಾಣ. ಭಾವಚಿತ್ರದಲ್ಲಿ ಅದರ ಮುಕ್ಕಾಲು ಪಾಲು ಬೆಲ್ಲೋಸ್ ಒಳಗೆ ಚೆಲ್ಲಿ ಹೋಗಿ ಫ್ಲೇರ್ (ಅಡ್ಡಾದಿಡ್ಡಿ ಬೆಳಕಿನ ಮಬ್ಬು) ಹೆಚ್ಚಿಸುತ್ತದೆ. ಹತ್ತಿರಕ್ಕೆ ಫೋಕಸ್ ಮಾಡಿದಾಗ ಸರ್ಕಲ್ ಇನ್ನೂ ಹಿಗ್ಗುತ್ತದೆ, 0.2ರಲ್ಲಿ 1.2 ಪಟ್ಟು. ಆದ್ದರಿಂದ ಟೆಸ್ಸಾರ್, ಹೀಲಿಯಾರ್‌ಗಳ ಕಿರಿದಾದ ಸರ್ಕಲ್ ಇಲ್ಲಿ ಕೊರತೆಯೇ ಅಲ್ಲ. ಯಾವ ಲೆನ್ಸ್ ಆದರೂ ಬೆಳಕು ಮರೆಮಾಡುವ ಹುಡ್ ಹಾಕಿ. ಕೋಟಿಂಗ್ ಇಲ್ಲದ ಹಳೆಯದಾದರೆ ಹುಡ್ ಇಲ್ಲದೆ ತೆಗೆಯಲೇಬೇಡಿ, ಅದಕ್ಕೆ ಡೆವಲಪ್ ಸಮಯವನ್ನೂ 10–15% ಹೆಚ್ಚಿಸಿ.

ಹೀಲಿಯಾರ್‌ನ ಹೆಸರು ನಿಂತಿರುವುದು ಫೋಕಸ್ ತಪ್ಪಿದ ಜಾಗದ ಮೇಲೆ. ಕಣ್ಣಿನ ರೆಪ್ಪೆಯಿಂದ ಕಿವಿಯ ಕಡೆಗೆ ಹೋಗುವಾಗ ಕೂದಲಿನ ಎಳೆಗಳು ಎಲ್ಲೂ ಜೋಡಿ ಗೆರೆಯಾಗದೆ ಮೆತ್ತಗೆ ಕರಗುತ್ತವೆ. ಟೆಸ್ಸಾರ್‌ನಲ್ಲಿ ಅದೇ ಜಾಗದಲ್ಲಿ ಅಂಚು ತುಸು ಗಡುಸು. ಪ್ಲಾಸ್ಮಾಟ್‌ನಲ್ಲಿ ಚರ್ಮದ ಪ್ರತಿಯೊಂದು ರಂಧ್ರವೂ ಎದ್ದು ಕಾಣುತ್ತದೆ, ಹಿನ್ನೆಲೆ ಮಾತ್ರ ಶಾಂತವಾಗಿಯೇ ಇರುತ್ತದೆ. ಆದರೆ ಈ ವ್ಯತ್ಯಾಸವೆಲ್ಲ ಎಫ್/4.5ರಿಂದ ಎಫ್/8ರವರೆಗೆ. ಎಫ್/16ಕ್ಕೆ ಇಳಿಸಿದ ಮೇಲೆ ಪ್ರಿಂಟ್ ನೋಡಿ ಯಾವುದು ಯಾವುದೆಂದು ಹೇಳುವುದು ಕಷ್ಟ.

ಹಾಗಾದರೆ ಎಷ್ಟು ಅಪರ್ಚರ್? 4×5ಕ್ಕೆ 0.1 ಮಿ.ಮೀ. ಮಸುಕನ್ನು ಮಿತಿ ಅಂತ ಹಿಡಿದರೆ, 0.2ರಲ್ಲಿ ಎಫ್/5.6 ಕೊಡುವ ಫೋಕಸ್ ಆಳ ಸುಮಾರು 34 ಮಿ.ಮೀ., ಎಫ್/11 ಕೊಡುವುದು 66 ಮಿ.ಮೀ. 0.4ರಲ್ಲಿ ಎಫ್/5.6ಕ್ಕೆ ಬರೀ 10 ಮಿ.ಮೀ., ಎಫ್/11ಕ್ಕೆ 19, ಎಫ್/16ಕ್ಕೆ 28. ಈ ಅಂಕಿಗಳಿಗೆ ಫೋಕಲ್ ಲೆಂತ್ ಬೇಕಿಲ್ಲ, ಮ್ಯಾಗ್ನಿಫಿಕೇಶನ್ ಸಾಕು. ಬಿಗಿ ಮುಖಕ್ಕೆ ಹೀಲಿಯಾರ್ ಕೊಂಡು ಎಫ್/16ರಲ್ಲೇ ತೆಗೆಯುವವರು ಗಾಜಿಗಲ್ಲ, ಹೆಸರಿಗೆ ದುಡ್ಡು ಕೊಟ್ಟಂತೆ.

ಮಂದಬೆಳಕು

ಸಿಲ್ವರ್ ಹೇಳಿದ್ದು ತೀಕ್ಷ್ಣ ಲೆನ್ಸ್‌ಗಳ ಮಟ್ಟಿಗೆ ಸರಿ. ಆದರೆ ಲಾರ್ಜ್ ಫಾರ್ಮ್ಯಾಟ್‌ನಲ್ಲಿ ಮುಖಕ್ಕೆಂದೇ ಹುಟ್ಟಿದ ಇನ್ನೊಂದು ಪಂಗಡವಿದೆ, ಸಾಫ್ಟ್ ಫೋಕಸ್. ಅದನ್ನು ಬಿಟ್ಟು ಈ ಚರ್ಚೆ ಪೂರ್ತಿಯಾಗಲ್ಲ.

ಇವುಗಳಲ್ಲಿ ಗೋಳ ವಿಪಥನವನ್ನು ಬೇಕೆಂದೇ ಪೂರ್ತಿ ತಿದ್ದಿರೋದಿಲ್ಲ. ಲೆನ್ಸಿನ ನಡುವಿನಿಂದ ಬಂದ ಕಿರಣ ತೀಕ್ಷ್ಣ ಬಿಂದು ಕೊಡುತ್ತೆ, ಅಂಚಿನಿಂದ ಬಂದದ್ದು ಅದರ ಸುತ್ತ ಬೆಳಕಿನ ಪ್ರಭೆ ಹರಡುತ್ತೆ. ಗ್ರೌಂಡ್ ಗ್ಲಾಸಿನಲ್ಲಿ ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ಕಣ್ಣಿನ ಮಿನುಗನ್ನು ನೋಡಿ: ಸೂಜಿಮೊನೆಯಷ್ಟು ಚುಕ್ಕಿ, ಅದರ ಸುತ್ತ ತೆಳ್ಳನೆಯ ಮಂಜಿನ ಬಳೆ. ಚುಕ್ಕಿ ಅತಿ ಚಿಕ್ಕದಾಗುವ ಜಾಗವೇ ಫೋಕಸ್. ಇಡೀ ಮುಖದ ಕಾಂಟ್ರಾಸ್ಟ್ ನೋಡಿ ಫೋಕಸ್ ಮಾಡಲು ಹೋದರೆ ದಾರಿ ತಪ್ಪುತ್ತೆ.

ಅಪರ್ಚರ್ ಇಳಿಸಿದಂತೆ ಅಂಚಿನ ಕಿರಣ ನಿಂತು ಪ್ರಭೆ ಕರಗುತ್ತೆ, ಜೊತೆಗೆ ಫೋಕಸ್ ಕೂಡ ಸರಿಯುತ್ತೆ. ಆದ್ದರಿಂದ ಫೋಕಸ್ ಮಾಡಬೇಕಾದ್ದು ಚಿತ್ರ ತೆಗೆಯುವ ಅಪರ್ಚರ್‌ನಲ್ಲೇ. ವೋಲೆನ್‌ಸ್ಯಾಕ್ ವೆರಿಟೋ ಎಫ್/4ರಲ್ಲಿ ಪೂರ್ತಿ ಮಂಜು, ಎಫ್/5.6 ಹತ್ತಿರ ಹದ, ಎಫ್/8 ದಾಟಿದ ಮೇಲೆ ಹೆಚ್ಚುಕಡಿಮೆ ಮಾಮೂಲಿ ಲೆನ್ಸ್. ಅರ್ಧ ಸ್ಟಾಪ್ ಅತ್ತಿತ್ತ ಆದರೆ ಚಿತ್ರದ ಗುಣವೇ ಬೇರೆ.

ರೋಡೆನ್‌ಸ್ಟಾಕ್ ಇಮಾಗೋನ್‌ನಲ್ಲಿ ಐರಿಸ್ ಮುಟ್ಟೋ ಹಾಗಿಲ್ಲ, ಅದು ಪೂರ್ತಿ ತೆರೆದೇ ಇರಬೇಕು. ಮುಂದೆ ಹಾಕುವ ತೂತಿನ ತಟ್ಟೆ ಎಲ್ಲಾ ಕೆಲಸ ಮಾಡುತ್ತೆ: ನಡುವಿನ ದೊಡ್ಡ ತೂತು ತೀಕ್ಷ್ಣ ಭಾಗಕ್ಕೆ, ಸುತ್ತಲಿನ ಸಣ್ಣ ತೂತುಗಳು ಪ್ರಭೆಗೆ. ತಟ್ಟೆ ತಿರುಗಿಸಿದರೆ ಸಣ್ಣ ತೂತುಗಳು ಮುಚ್ಚುತ್ತಾ ಬರುತ್ತವೆ. ತಟ್ಟೆಗಳಿಲ್ಲದ ಇಮಾಗೋನ್ ಸಿಕ್ಕಿದರೆ ಕೊಳ್ಳಬೇಡಿ, ಅವೇ ಅದರ ಅಪರ್ಚರ್. ಫ್ಯೂಜಿನಾನ್-ಎಸ್‌ಎಫ್ 250 ಎಫ್/5.6ರಲ್ಲೂ ಇಂಥದ್ದೇ ಜರಡಿ ತಟ್ಟೆ ಇದೆ.

ಬೆಳಕಿನ ಅನುಪಾತವನ್ನು ಬದಲಿಸಲೇಬೇಕು. ಪ್ರಭೆ ನೆರಳಿನೊಳಗೆ ಚೆಲ್ಲಿ ಕಪ್ಪನ್ನು ಎತ್ತುತ್ತೆ. ಸಪ್ಪೆ ಬೆಳಕಲ್ಲಿ ತೆಗೆದರೆ ನೆಗೆಟಿವ್ ಬೂದಿ ಬಣ್ಣವಾಗುತ್ತೆ. ಮಾಮೂಲಿಗಿಂತ ಒಂದು ಸ್ಟಾಪ್ ಕಡುವಾದ ಬೆಳಕು ಕೊಡಿ. ಎನ್‌ಲಾರ್ಜರ್ ಕೆಳಗೆ ಬಟ್ಟೆ ಹಿಡಿದು ಇದೇ ಪರಿಣಾಮ ಬರುತ್ತೆ ಅನ್ನುವವರಿಗೆ: ಬರಲ್ಲ. ಕ್ಯಾಮೆರಾದಲ್ಲಿ ಬಿಳುಪು ಕಪ್ಪಿನೊಳಗೆ ಹರಡುತ್ತೆ, ಎನ್‌ಲಾರ್ಜರ್‌ನಲ್ಲಿ ಕಪ್ಪು ಬಿಳುಪಿನೊಳಗೆ.

ಸಿಲ್ವರ್_ಹಾಲೈಡ್

ಇದೆಲ್ಲ ನಿಜ. ಆದರೂ ಮೊದಲ ಭಾವಚಿತ್ರ ಲೆನ್ಸ್ ಆಗಿ ಸಾಫ್ಟ್ ಫೋಕಸ್ ಬೇಡ ಎಂದೇ ಹೇಳುತ್ತೇನೆ. ತೀಕ್ಷ್ಣ ಲೆನ್ಸಿನಲ್ಲಿ ಫೋಕಸ್ ತಪ್ಪಿದ್ದು ನೆಗೆಟಿವ್ ನೋಡಿದ ಕೂಡಲೇ ಗೊತ್ತಾಗುತ್ತದೆ. ವೆರಿಟೋದಲ್ಲಿ ಅದು ಫೋಕಸ್ ತಪ್ಪಿದ್ದೋ, ಕೂತವರು ಅಲುಗಿದ್ದೋ, ಲೆನ್ಸಿನ ಗುಣವೋ ತಿಳಿಯುವುದೇ ಇಲ್ಲ, ತಿದ್ದಿಕೊಳ್ಳಲು ದಾರಿಯಿಲ್ಲ.

ಮಂದಬೆಳಕು

ಒಪ್ಪಿದೆ, ಮೊದಲನೆಯದಾಗಿ ಬೇಡ. ಎರಡನೆಯದಾಗಿ ಇರಲಿ. ಆದರೆ ತೀಕ್ಷ್ಣ 210ರ ಮುಂದೆ ಕಪ್ಪು ಸ್ಟಾಕಿಂಗ್ ಬಟ್ಟೆ ಬಿಗಿದು ಅದನ್ನೇ ಸಾಫ್ಟ್ ಫೋಕಸ್ ಅಂದುಕೊಳ್ಳಬೇಡಿ. ಬಟ್ಟೆ ಫೋಕಸ್ ಇರುವ, ಇಲ್ಲದ ಜಾಗಗಳ ಮೇಲೆ ಒಂದೇ ಥರ ಮಂಜು ಹಾಕುತ್ತೆ. ಲೆನ್ಸ್ ಹಾಗಲ್ಲ, ಆಳಕ್ಕೆ ತಕ್ಕಂತೆ ಬದಲಾಗುತ್ತೆ.

ಶಟರ್‌ಗಿಯರ್

ಹಳೆಯದು ಕೊಳ್ಳುವವರು ಗಾಜಿಗಿಂತ ಮೊದಲು ಶಟರ್ ನೋಡಿ. ಮೆಕ್ಯಾನಿಕಲ್ ಕೋಪಾಲ್ ಈಗ ತಯಾರಾಗೋದಿಲ್ಲ, ಇರೋದನ್ನೇ ರಿಪೇರಿ ಮಾಡಿಸಿಕೊಂಡು ಹೋಗಬೇಕು.

1 ಸೆಕೆಂಡಿಗೆ ಇಟ್ಟು ಬಿಡಿ. ಗಿಯರ್ ಸದ್ದು ಒಂದೇ ಸಮ ಬರಬೇಕು. ನಡುವೆ ತಡೆದು ಮುಂದುವರಿದರೆ ಎಣ್ಣೆ ಗಟ್ಟಿಯಾಗಿದೆ ಅಂತ ಅರ್ಥ, ಸರ್ವಿಸ್ ಖರ್ಚು ಸೇರಿಸಿಯೇ ಬೆಲೆ ಮಾತಾಡಿ. ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮ್ ವಿಡಿಯೋ ಮಾಡಿ ಬ್ಲೇಡ್ ತೆರೆದಿರುವ ಫ್ರೇಮ್ ಎಣಿಸಿದರೆ 1/30ರವರೆಗೆ ನಂಬಬಹುದು. 1/8ಕ್ಕೆ 30 ಫ್ರೇಮ್ ಸಿಗಬೇಕು. ಎಲ್ಲ ವೇಗಗಳೂ ಒಂದೇ ಪ್ರಮಾಣದಲ್ಲಿ ನಿಧಾನವಾದರೆ ತೊಂದರೆಯಿಲ್ಲ, ಚೀಟಿ ಬರೆದು ಬೋರ್ಡಿಗೆ ಅಂಟಿಸಿ. ಪ್ರತಿ ಸಲ ಬೇರೆ ಬೇರೆ ಬಂದರೆ ಬಿಟ್ಟುಬಿಡಿ.

ಫ್ಲಾಶ್ ಬಳಸ್ತೀರಿ ಅಂದಿರಿ. ಹಳೆಯ ಶಟರ್‌ನಲ್ಲಿ ಸಿಂಕ್ ಕಡ್ಡಿ ಎಕ್ಸ್, ಎಂ ಅಂತ ಎರಡು ಜಾಗದಲ್ಲಿ ನಿಲ್ಲುತ್ತೆ. ಎಂ ಇರೋದು ಬಲ್ಬ್‌ಗಳಿಗೆ: ಮೊದಲು ಸಂಪರ್ಕ ಕೊಟ್ಟು, ಬಲ್ಬ್ ಉರಿದು ಏರಲು ಸಮಯ ಬಿಟ್ಟು, ಆಮೇಲೆ ಬ್ಲೇಡ್ ತೆರೆಯುತ್ತೆ. ಎಲೆಕ್ಟ್ರಾನಿಕ್ ಫ್ಲಾಶ್ ಅಷ್ಟರಲ್ಲಿ ಆರಿಹೋಗಿರುತ್ತೆ, ಫಿಲಂ ಖಾಲಿ. ಫಿಲಂ ಹಾಕುವ ಮುಂಚೆ ಹಿಂದಿನಿಂದ ಲೆನ್ಸಿನೊಳಗೆ ನೋಡುತ್ತಾ ಒಮ್ಮೆ ಹೊಡೆಯಿರಿ. ಫ್ಲಾಶ್ ಎದುರಿನ ಬಿಳಿ ಗೋಡೆಗೆ ತಿರುಗಿರಲಿ. ಬೆಳಕಿನ ದುಂಡು ಪೂರ್ತಿ ಕಂಡರೆ ಸಿಂಕ್ ಸರಿ.

ಶಟರ್ ಇಲ್ಲದ ಬ್ಯಾರೆಲ್ ಲೆನ್ಸಿಗೆ ಪ್ಯಾಕಾರ್ಡ್ ಶಟರ್ ಇದೆ, ರಬ್ಬರ್ ಬುರುಡೆ ಒತ್ತಿ ನಡೆಸುವುದು, ಸುಮಾರು 1/25. ಸ್ಪೀಡ್ ಗ್ರಾಫಿಕ್ ಕ್ಯಾಮೆರಾದ ಫೋಕಲ್ ಪ್ಲೇನ್ ಶಟರ್ ಇನ್ನೊಂದು ದಾರಿ. 178 ಮಿ.ಮೀ. ಎಫ್/2.5 ಏರೋ ಎಕ್ಟಾರ್ ಬಳಸುವವರೆಲ್ಲ ಅದನ್ನೇ ನೆಚ್ಚಿಕೊಂಡಿದ್ದಾರೆ. ಏರೋ ಎಕ್ಟಾರ್‌ನ ಥೋರಿಯಂ ಗಾಜು ಹಳದಿ ತಿರುಗಿರುತ್ತೆ, ಅದು ಅರ್ಧದಿಂದ ಒಂದು ಸ್ಟಾಪ್ ಬೆಳಕು ತಿನ್ನಬಹುದು. ಯುವಿ ದೀಪದ ಕೆಳಗೆ ದಿನಗಟ್ಟಲೆ ಇಟ್ಟರೆ ತಿಳಿಯಾಗುತ್ತೆ.

ಗಾಜಿನ ವಿಷಯ ಚುಟುಕಾಗಿ. ಶ್ನೈಡರ್ ಲೆನ್ಸ್‌ಗಳ ಒಳ ಅಂಚಲ್ಲಿ ಬಿಳಿ ಚುಕ್ಕಿ ಕಂಡರೆ ಅದು ಕಪ್ಪು ಬಣ್ಣ ಬಿಟ್ಟಿರೋದು, ಚಿತ್ರಕ್ಕೆ ಏನೂ ಆಗಲ್ಲ, ಬೆಲೆ ಇಳಿಸಲು ಒಳ್ಳೆ ಕಾರಣ. ಅಂಚಿನಿಂದ ಒಳಕ್ಕೆ ಕಾಮನಬಿಲ್ಲಿನ ಬಣ್ಣದ ನಾಲಿಗೆ ಚಾಚಿದ್ದರೆ ಬಾಲ್ಸಮ್ ಅಂಟು ಬಿಟ್ಟಿದೆ. ಅದು ಬೆಳೆಯುತ್ತಾ ಹೋಗುತ್ತೆ. ಟಾರ್ಚ್ ಓರೆಯಾಗಿ ಹಿಡಿದಾಗ ಹಾಲಿನ ಪದರ ಕಂಡರೆ ಹೇಜ್: ಒಳಗಿನ ಮೇಲ್ಮೈ ಒರೆಸಿದರೆ ಹೋಗಬಹುದು, ಅಂಟಿಸಿದ ಗಾಜುಗಳ ನಡುವೆ ಇದ್ದರೆ ಹೋಗಲ್ಲ. ಸೆಲ್ (ಶಟರ್‌ಗೆ ತಿರುಗಿಸಿ ಕೂರಿಸುವ ಗಾಜಿನ ಭಾಗ) ಬಿಚ್ಚುವಾಗ ತೆಳು ಲೋಹದ ಬಳೆ ಬಿದ್ದರೆ ಎತ್ತಿಡಿ, ಅದು ಗಾಜುಗಳ ಅಂತರಕ್ಕೆಂದು ಹಾಕಿದ ಷಿಮ್.

ಕಪ್ಪುಪರದೆ

ಕೋಪಾಲ್ 1ರ 210 ಪ್ಲಾಸ್ಮಾಟ್ ಅಂತ ಗಟ್ಟಿ ಮಾಡಿಕೊಂಡೆ. ಕಿಟಕಿ ಬೆಳಕಿಗೆ ಎಷ್ಟು ವೇಗ ನಿರೀಕ್ಷಿಸಬಹುದು? ಫೋಕಸ್ ಮಾಡಿ ಫಿಲಂ ಹೋಲ್ಡರ್ ಹಾಕುವಷ್ಟರಲ್ಲಿ ಕೂತವರು ಸರಿದರೆ ಏನು ಮಾಡೋದು?

ಗಾಜುಹಲಗೆ

ಸಾಧಾರಣ ಕಿಟಕಿ ಬೆಳಕು ಇವಿ 8 (ಮೀಟರ್ ತೋರಿಸುವ ಬೆಳಕಿನ ಮಟ್ಟ, ಐಎಸ್‌ಒ 100ಕ್ಕೆ) ಅಂದುಕೊಳ್ಳಿ. ಐಎಸ್‌ಒ 400ರ ಎಚ್‌ಪಿ5 ಫಿಲಂಗೆ ಎಫ್/5.6ರಲ್ಲಿ 1/30. ಬೆಲ್ಲೋಸ್ 252 ಆದಾಗ ನಷ್ಟ (252÷210)ರ ವರ್ಗ, 1.44, ಅಂದ್ರೆ ಅರ್ಧ ಸ್ಟಾಪ್, 1/20ಕ್ಕೆ ಇಳಿಯಿತು. 294ರಲ್ಲಿ 1.96, ಪೂರ್ತಿ ಒಂದು ಸ್ಟಾಪ್, 1/15. ಟೇಪ್ ಹಿಡಿಯೋಕೆ ಬೇಸರ ಆದರೆ ಮುಖದ ಪಕ್ಕ 100 ಮಿ.ಮೀ. ಗುರುತಿನ ಪಟ್ಟಿ ಹಿಡಿಸಿ, ಗಾಜಿನ ಮೇಲೆ ಅಳೆಯಿರಿ: 20 ಮಿ.ಮೀ. ಬಂದರೆ 0.2, ಅರ್ಧ ಸ್ಟಾಪ್. 40 ಬಂದರೆ 0.4, ಒಂದು ಸ್ಟಾಪ್.

ಫೋಕಸ್ ಆಳ 34 ಮಿ.ಮೀ. ಇರುವಾಗ ನಿಂತವರನ್ನು ತೆಗೆಯೋದು ಜೂಜು. ಕೂರಿಸಿ, ಬೆನ್ನು ಒರಗಿಸಿ. ಕ್ಯಾಮೆರಾದ ಮುಂದಿನ ಸ್ಟ್ಯಾಂಡರ್ಡಿಗೆ ದಾರ ಕಟ್ಟಿ, ಫೋಕಸ್ ಆದ ಕ್ಷಣದಲ್ಲಿ ಇನ್ನೊಂದು ತುದಿ ಅವರ ಕೆನ್ನೆಗೆ ಮುಟ್ಟುವ ಜಾಗದಲ್ಲಿ ಗಂಟು ಹಾಕಿ. ಹೋಲ್ಡರ್ ಹಾಕಿ ಡಾರ್ಕ್ ಸ್ಲೈಡ್ (ಫಿಲಂ ಮುಚ್ಚಿರುವ ತಗಡು) ತೆಗೆದ ಮೇಲೆ ದಾರ ಬಿಗಿ ಹಿಡಿದು ಗಂಟು ಮುಟ್ಟುತ್ತಾ ನೋಡಿ, ದಾರ ಬಿಟ್ಟು ಕೂಡಲೇ ಒತ್ತಿ. ಫೋಕಸ್ ಹತ್ತಿರದ ಕಣ್ಣಿನ ರೆಪ್ಪೆಗೆ, 4 ಪಟ್ಟಿನ ಲೂಪ್ ಸಾಕು. ಹೆಚ್ಚಿನದರಲ್ಲಿ ಗಾಜಿನ ಮರಳೇ ಕಾಣುತ್ತೆ. ಮುಖ ಓರೆಯಾಗಿದ್ದರೆ ಲೆನ್ಸ್ ಬೋರ್ಡನ್ನು ಮುಖ ತಿರುಗಿದ ಕೋನದ ಕಡೆಗೆ ಸ್ವಲ್ಪವೇ ಸ್ವಿಂಗ್ ಮಾಡಿ. ಎರಡೂ ಕಣ್ಣು ಒಂದೇ ಫೋಕಸ್ ತಲದಲ್ಲಿ ಬೀಳುತ್ತವೆ, ಅಪರ್ಚರ್ ಇಳಿಸದೆ.

ಹತ್ತುಎಂಟು

ಒಂದು ಸೇರಿಕೆ. ಪ್ರತಿ ಸಲವೂ ಕಣ್ಣಿನ ಬದಲು ಕಿವಿ ಫೋಕಸ್ ಆಗುತ್ತಿದ್ದರೆ ಕೂತವರನ್ನು ದೂರಬೇಡಿ. ಗಾಜು ಬೆಳಗಾಗಿ ಕಾಣಲೆಂದು ಆಮೇಲೆ ಸೇರಿಸಿದ ಫ್ರೆನೆಲ್ ಹಾಳೆ ಲೆನ್ಸ್ ಮತ್ತು ಗಾಜಿನ ನಡುವೆ ಕೂತಿದ್ದರೆ, ಅದರ ದಪ್ಪದ ಸುಮಾರು ಮೂರನೇ ಒಂದು ಭಾಗದಷ್ಟು ಫೋಕಸ್ ಸರಿಯುತ್ತದೆ. ಜೊತೆಗೆ ಗಾಜಿನ ಒರಟು ಬದಿ ಲೆನ್ಸಿನ ಕಡೆಗೇ ಇದೆಯೇ ನೋಡಿ.

ಪರೀಕ್ಷೆ ಸುಲಭ. ಅಳತೆ ಪಟ್ಟಿಯನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ನಡುವಿನ ಗುರುತಿಗೆ ಎಫ್/5.6ರಲ್ಲಿ ಫೋಕಸ್ ಮಾಡಿ, ಎಫ್/5.6ರಲ್ಲಿ ಒಂದು ಶೀಟ್, ಎಫ್/11ರಲ್ಲಿ ಒಂದು ಶೀಟ್ ತೆಗೆಯಿರಿ. ಎರಡರಲ್ಲೂ ತೀಕ್ಷ್ಣ ಗುರುತು ಒಂದೇ ದಿಕ್ಕಿಗೆ ಸರಿದಿದ್ದರೆ ಗಾಜಿನ ಸ್ಥಾನ ತಪ್ಪಿದೆ. ಎಫ್/11ರಲ್ಲಿ ಮಾತ್ರ ಸರಿದಿದ್ದರೆ ಅದು ಲೆನ್ಸಿನ ಫೋಕಸ್ ಶಿಫ್ಟ್. ಎರಡೂ ಶೀಟುಗಳನ್ನು ಒಂದೇ ಹೋಲ್ಡರ್‌ನಲ್ಲಿ ತೆಗೆದು, ಹೋಲ್ಡರ್ ಸಂಖ್ಯೆ ಬರೆದಿಡಿ. ಬೇರೆ ಹೋಲ್ಡರ್‌ನಲ್ಲಿ ಫಲಿತಾಂಶ ಬದಲಾದರೆ ತಪ್ಪು ಆ ಹೋಲ್ಡರಿನದು.